ಹದಿನಾಲ್ಕು ರೆಪೊ, ಒಂದೇ ರಿಲೀಸ್ ದಿನ: ನನ್ನ ಅನುಭವ

ಪುಕ್ಕಟೆ ಕೆಲಸ ಮಾಡುವವರಿಗೆ ತಾರೀಖು ಕೊಟ್ಟರೆ ಒಬ್ಬರೂ ಉಳಿಯುವುದಿಲ್ಲ ಎಂದು ನನಗೆ ಹೇಳದವರಿಲ್ಲ. ನಮ್ಮದು ದಾಖಲೆಗಳನ್ನು ಒಂದು ಫಾರ್ಮ್ಯಾಟ್‌ನಿಂದ ಇನ್ನೊಂದಕ್ಕೆ ಬದಲಿಸುವ ಸಾಫ್ಟ್‌ವೇರ್‌ಗಳ ದೊಡ್ಡ ಸಂಸಾರ. ನಡುವೆ ಸಿ++ನಲ್ಲಿ ಬರೆದ ಕೋರ್ ಲೈಬ್ರರಿ, ಸುತ್ತಲೂ ಅದನ್ನು ಪೈಥಾನ್, ನೋಡ್, ರಸ್ಟ್‌ನಿಂದ ಬಳಸಲು ಬಿಡುವ ಬೈಂಡಿಂಗ್‌ಗಳು, ಕಮಾಂಡ್‌ಲೈನ್ ಟೂಲ್, ಬ್ರೌಸರ್‌ನಲ್ಲಿ ಓಡುವ ವ್ಯೂವರ್, ಆಮೇಲೆ ಒಂದಷ್ಟು ಪ್ಲಗಿನ್. ಒಟ್ಟು ಹದಿನಾಲ್ಕು ರೆಪೊ, ಅಂದರೆ ಕೋಡ್ ಮತ್ತು ಅದರ ಇತಿಹಾಸ ಇಡುವ ಹದಿನಾಲ್ಕು ಕಣಜ. ಈಗ ಎರಡು ವರ್ಷದ ಹತ್ತಿರ ಆಯಿತು, ಮೂರು ತಿಂಗಳಿಗೊಮ್ಮೆ ಎಲ್ಲವೂ ಒಂದೇ ದಿನ ಹೊರಬೀಳುತ್ತಿವೆ. ತಾರೀಖು ಒಂದು ಸಲವೂ ತಪ್ಪಿಲ್ಲ. ಸಂಬಳದ ತಂಡ ಇಟ್ಟುಕೊಂಡವರಿಗೂ ಇದು ಸುಲಭವಲ್ಲ ಅಂತ ಗೊತ್ತು, ಅದಕ್ಕೇ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ.

ಮೊದಲು ನಡೆಯದೇ ಹೋದವುಗಳ ಕಥೆ. ಶುರುವಿನಲ್ಲಿ ಎಲ್ಲರ ಹಾಗೆ ನಾವೂ "ಈ ಫೀಚರ್ ಮುಗಿಯಲಿ, ಆಮೇಲೆ ರಿಲೀಸ್" ಅನ್ನುತ್ತಿದ್ದೆವು. ಕೋರ್‌ನ ಒಂದು ಮೇಜರ್ ಆವೃತ್ತಿ ಹೀಗೇ ಒಂದೂವರೆ ವರ್ಷ ಎಳೆಯಿತು. ಕೊನೆಗೆ ಅದು ಬಂದಾಗ ಬೈಂಡಿಂಗ್‌ಗಳು ಸಿದ್ಧವಿರಲಿಲ್ಲ. ಡಿಸ್ಟ್ರೊಗಳು (ಲಿನಕ್ಸ್ ಕಟ್ಟಿ ಹಂಚುವವರು) ಹೊಸ ಕೋರ್ ಜೊತೆ ಹಳೆಯ ಪೈಥಾನ್ ಬೈಂಡಿಂಗ್ ಪ್ಯಾಕೇಜ್ ಮಾಡಿದವು, ಬಗ್ ರಿಪೋರ್ಟ್‌ಗಳ ಮಳೆ ಸುರಿಯಿತು.

ಆಮೇಲೆ ಮೊನೊರೆಪೊ, ಅಂದರೆ ಎಲ್ಲ ಕೋಡ್ ಒಂದೇ ರೆಪೊದಲ್ಲಿ. ಗಿಟ್ ಫಿಲ್ಟರ್-ರೆಪೊ ಹಿಡಿದು ಹದಿನಾಲ್ಕರ ಇತಿಹಾಸವನ್ನೂ ಕೆಡದಂತೆ ಒಂದರೊಳಗೆ ಹೆಣೆದೆವು. ತಾಂತ್ರಿಕವಾಗಿ ಅದು ಚೆನ್ನಾಗಿಯೇ ಆಯಿತು. ಆದರೆ ಹನ್ನೆರಡು ನಿಮಿಷಕ್ಕೆ ಮುಗಿಯುತ್ತಿದ್ದ ಸಿಐ (ಕೋಡ್ ಬದಲಾದಾಗಲೆಲ್ಲ ತಾನೇ ಬಿಲ್ಡ್, ಟೆಸ್ಟ್ ಮಾಡುವ ವ್ಯವಸ್ಥೆ) ಒಂದು ಗಂಟೆ ದಾಟಿತು. ಅದಕ್ಕಿಂತ ದೊಡ್ಡ ಪೆಟ್ಟು ಜನರದ್ದು. ಪ್ಲಗಿನ್ ನೋಡಿಕೊಳ್ಳುವವರಿಗೆ "ಇದು ನನ್ನದು" ಅನ್ನುವ ಜಾಗವೇ ಇಲ್ಲವಾಯಿತು. ಇಬ್ಬರು ಸದ್ದಿಲ್ಲದೆ ಬಿಟ್ಟು ಹೋದರು. ಎಲ್ಲವನ್ನೂ ಮತ್ತೆ ಒಡೆದು ಮೊದಲಿನಂತೆ ಇಟ್ಟೆವು. ಉಳಿದ ರೆಪೊಗಳಿಗೆ ಕೊಂಡಿ ಹಾಕಿ (ಸಬ್‌ಮಾಡ್ಯೂಲ್) ಇಟ್ಟ ತಾಯಿ ರೆಪೊದ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ಆ ಕೊಂಡಿಗಳನ್ನು ಮುಂದೂಡಲೆಂದೇ ದಿನಕ್ಕೆ ಹತ್ತು ಕಮಿಟ್ (ದಾಖಲಾದ ಬದಲಾವಣೆ), ಅದರಲ್ಲಿ ಅರ್ಧಕ್ಕೆ ಕಾನ್‌ಫ್ಲಿಕ್ಟ್. ಮಾಡಿದವರಿಗೆ ಗೊತ್ತು.

ತ್ರೈಮಾಸಿಕ ಎಂದು ನಾನು ಬಾಯಿ ಬಿಟ್ಟಾಗ ಎದುರಾದ ಒಳ್ಳೆಯ ವಾದ ಒಂದೇ, ಉಳಿದವೆಲ್ಲ ಮೂಗು ಮುರಿಯುವಿಕೆ. ಲಿನಕ್ಸ್ ಡೆಸ್ಕ್‌ಟಾಪ್ ಮಾಡುವ ಕೆಡಿಇಯನ್ನು ತೋರಿಸಿ ಕೇಳಿದರು: "ಕೆಡಿಇಯವರು 2014ರಲ್ಲಿ ಫ್ರೇಮ್‌ವರ್ಕ್ಸ್, ಪ್ಲಾಸ್ಮಾ, ಅಪ್ಲಿಕೇಶನ್ಸ್ ಅಂತ ಬೇರೆ ಬೇರೆ ಮಾಡಿ, ಪ್ರತಿಯೊಂದಕ್ಕೂ ಅದರದೇ ಗತಿ ಕೊಟ್ಟರು. ನೀವು ಬಿಡಿಬಿಡಿಯಾಗಿರೋದನ್ನ ಒಟ್ಟು ಕಟ್ತೀರಾ?" ಸರಿಯಾದ ಪ್ರಶ್ನೆಯೇ. ನನ್ನ ಉತ್ತರ ಇಷ್ಟು: ಪ್ಲಾಸ್ಮಾ ಡೆಸ್ಕ್‌ಟಾಪ್ ಬಳಸುವವರು ಬೇರೆ, ಫ್ರೇಮ್‌ವರ್ಕ್ಸ್ ಲೈಬ್ರರಿ ಬಳಸುವವರು ಬೇರೆ. ನಮ್ಮ ಬೈಂಡಿಂಗ್‌ಗಳಿಗೆ ಕೋರ್ ಬಿಟ್ಟು ಬದುಕೇ ಇಲ್ಲ. ಕೆಡಿಇಯವರು ಕೂಡ 2024ರ ಫೆಬ್ರವರಿಯಲ್ಲಿ 6ನೇ ಆವೃತ್ತಿಗೆ ದಾಟುವಾಗ ಮೂರನ್ನೂ ಒಟ್ಟಿಗೇ ಬಿಟ್ಟರು. ನನ್ನ ಕಣ್ಣಿದ್ದದ್ದು ಕೋಡ್ ಬರೆಯುವ ಸಾಧನಗಳನ್ನು ಮಾಡುವ ಎಕ್ಲಿಪ್ಸ್ ಮೇಲೆ. ವರ್ಷಕ್ಕೊಂದು ದೊಡ್ಡ ಜಂಟಿ ರಿಲೀಸ್ ಮಾಡುತ್ತಿದ್ದ ಅವರು 2018ರಲ್ಲಿ ಮೂರು ತಿಂಗಳಿಗೆ ಇಳಿದರು. "ಅವರ ಹಿಂದೆ ಫೌಂಡೇಶನ್ ಇದೆ, ನಿಮ್ಮ ಹಿಂದೆ ಯಾರಿದ್ದಾರೆ?" ಎಂದು ಅದೇ ಜನ ಕೇಳಿದರು. ನಾನು ಮಾತು ಬೆಳೆಸಲಿಲ್ಲ.

ಕೊನೆಗೆ ಹಿಡಿದ ದಾರಿ ಹೀಗಿದೆ. ಹದಿಮೂರು ವಾರದಲ್ಲಿ ಮೊದಲ ಎಂಟು ವಾರ ಹೊಸ ಕೋಡ್ ಮರ್ಜ್ ಮಾಡಲು (ಸೇರಿಸಲು) ಬಾಗಿಲು ತೆರೆದಿರುತ್ತದೆ. ಒಂಬತ್ತನೇ ವಾರ ರಿಲೀಸ್‌ಗೆ ಬೇರೆ ಬ್ರಾಂಚ್ ಕತ್ತರಿಸಿ ಫ್ರೀಜ್, ಅಂದರೆ ಅದಕ್ಕೆ ಹೊಸ ಫೀಚರ್ ಇಲ್ಲ. ಆಮೇಲೆ ಆರ್‌ಸಿಗಳು (ರಿಲೀಸ್‌ಗೆ ಮುಂಚಿನ ಪರೀಕ್ಷಾ ಆವೃತ್ತಿಗಳು), ಹದಿಮೂರನೇ ವಾರದ ಮಂಗಳವಾರ ರಿಲೀಸ್. ರೆಪೊಗಳು ಬೇರೆ ಬೇರೆಯೇ. ಅವುಗಳ ನಡುವೆ ಇರುವುದು ಒಂದು ಮ್ಯಾನಿಫೆಸ್ಟ್ ಫೈಲ್ ಮಾತ್ರ, ಅದರಲ್ಲಿ ರೆಪೊ ಹೆಸರು, ಅದರ ಯಾವ ಕಮಿಟ್ ಎಂದು ಗುರುತಿಸುವ ಹ್ಯಾಶ್. ರಾತ್ರಿ ಹೊಸ ಹ್ಯಾಶ್‌ಗಳನ್ನೆಲ್ಲ ಸೇರಿಸಿ ಬಿಲ್ಡ್ ಮಾಡಿ, ಎಲ್ಲವೂ ಒಟ್ಟಿಗೆ ನಡೆಯುತ್ತವೆಯೇ ಎಂದು ಇಂಟಿಗ್ರೇಶನ್ ಟೆಸ್ಟ್ ಓಡಿಸುತ್ತೇವೆ. ಪಾಸಾದರೆ ಮ್ಯಾನಿಫೆಸ್ಟ್ ಮುಂದಕ್ಕೆ ಹೋಗುತ್ತದೆ. ಆಗದಿದ್ದರೆ ಯಾವ ರೆಪೊ ಕೆಡಿಸಿತೋ ಅದು ಹಿಂದಿನ ಹ್ಯಾಶ್‌ನಲ್ಲೇ ಉಳಿಯುತ್ತದೆ. ಹದಿನಾಲ್ಕರಲ್ಲಿ ಕೆಡಿಸಿದ್ದು ಯಾವುದು ಎಂದು ನಾಲ್ಕೈದು ಬಿಲ್ಡ್‌ನೊಳಗೆ ಹಿಡಿಯುವ ಒಂದು ಸ್ಕ್ರಿಪ್ಟ್ ಬರೆದಿದ್ದೇನೆ. ಬರೀ ಬೈಸೆಕ್ಟ್ (ಅರ್ಧರ್ಧ ಮಾಡುತ್ತಾ ಹುಡುಕುವುದು) ಅಲ್ಲ, ಯಾವ ಜೋಡಿಯನ್ನು ಮೊದಲು ಪರೀಕ್ಷಿಸಬೇಕು ಎಂಬುದರಲ್ಲಿ ಗುಟ್ಟಿದೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ.

ನಿಯಮ ಒಂದೇ: ಯಾರಿಗಾಗಿಯೂ ಕಾಯುವುದಿಲ್ಲ, ಕೋರ್‌ಗೂ ಕಾಯುವುದಿಲ್ಲ. ಇದನ್ನು ಯಾರೂ ನಂಬಿರಲಿಲ್ಲ. ಮೂರನೆಯದೋ ನಾಲ್ಕನೆಯದೋ ತ್ರೈಮಾಸಿಕದಲ್ಲಿ ಕೋರ್‌ನ ಹೊಸ ಪಾರ್ಸರ್ (ದಾಖಲೆಯನ್ನು ಓದಿ ಬಿಡಿಸುವ ಭಾಗ) ಫ್ರೀಜ್ ಹೊತ್ತಿಗೆ ಟೆಸ್ಟ್ ದಾಟಲಿಲ್ಲ. ಒಂದು ವಾರ ಮುಂದೂಡಿ ಎಂದು ಎಲ್ಲ ಕಡೆಯಿಂದ ಒತ್ತಡ. ಮುಂದೂಡಲಿಲ್ಲ. ಉಳಿದವೆಲ್ಲ ಹಳೆಯ ಕೋರ್ ಮೇಲೆಯೇ ಹೊರಟವು, ಬಳಕೆದಾರರಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಪಾರ್ಸರ್ ಬರೆದವರು ಮುಂದಿನ ಮೂರು ತಿಂಗಳು ನೆಮ್ಮದಿಯಿಂದ ಕೆಲಸ ಮಾಡಿ, ಹಿಂದೆಂದಿಗಿಂತ ಗಟ್ಟಿಯಾದ ಕೋಡ್ ಕೊಟ್ಟರು. ರೈಲು ತಪ್ಪಿದರೆ ಇನ್ನೊಂದು ಬರುತ್ತದೆ ಎಂದು ಗೊತ್ತಿದ್ದವರು ಓಡುತ್ತಾ ಹತ್ತುವುದಿಲ್ಲ. ಗಡುವಿಗೆ ಹೆದರಿ ಅರ್ಧಂಬರ್ಧ ಕೋಡ್ ತುರುಕುವ ಚಾಳಿ ಅಲ್ಲಿಗೆ ನಿಂತಿತು.

ಇದು ನಡೆಯಬೇಕಾದರೆ ಹಳೆಯ ಕೋರ್ ಜೊತೆ ಹೊಸ ಬೈಂಡಿಂಗ್ ಹೊಂದಿಕೊಳ್ಳಲೇಬೇಕು. ಕೋರ್‌ನ ಪ್ರತಿ ಪ್ಯಾಚ್ (ಕೋಡ್ ತಿದ್ದುಪಡಿ) ಮೇಲೆ ಲಿಬ್‌ಅಬಿಗೇಲ್‌ನ ಎಬಿಐ-ಡಿಫ್ ಓಡಿ, ಮೊದಲೇ ಬಿಲ್ಡ್ ಆದ ಪ್ರೋಗ್ರಾಂಗಳ ಜೊತೆಗಿನ ಹೊಂದಾಣಿಕೆ ಮುರಿಯಿತೇ ಎಂದು ನೋಡುತ್ತದೆ. ಆ ಹೊಂದಾಣಿಕೆ ಮುರಿದಾಗ ಬದಲಿಸುವ ಲೈಬ್ರರಿ ಗುರುತು, ಎಸ್‌ಒ-ನೇಮ್, ಏರಿಸುವುದು ವರ್ಷಕ್ಕೊಮ್ಮೆ, ಮೊದಲ ತ್ರೈಮಾಸಿಕದಲ್ಲಿ ಮಾತ್ರ. ಒಂದು ಫಂಕ್ಷನ್ ತೆಗೆಯಬೇಕಿದ್ದರೆ ಎರಡು ತ್ರೈಮಾಸಿಕ ಮೊದಲೇ ಎಚ್ಚರಿಕೆ ಕೊಟ್ಟಿರಬೇಕು. ಡಿಸ್ಟ್ರೊದವರು ಇದನ್ನು ನೋಡಿದ ಮೇಲೇ ನಮ್ಮ ಜೊತೆ ನಗುತ್ತಾ ಮಾತಾಡತೊಡಗಿದ್ದು.

ಈಗ ದುಡ್ಡು. ದೇಣಿಗೆ ತಿಂಗಳಿಗೆ ಸುಮಾರು ನಾನೂರು, ನಾನೂರೈವತ್ತು ಡಾಲರ್ ಬರುತ್ತದೆ. ಉಚಿತವಾಗಿದ್ದ ಸಿಐ ಸೇವೆಯೊಂದು ಷರತ್ತು ಬದಲಿಸಿದಾಗ ಒಂದೇ ತಿಂಗಳ ಬಿಲ್ಲು ಏಳುನೂರರ ಹತ್ತಿರ ಹೋಯಿತು. ಲೆಕ್ಕ ಬಿಡಿಸಿದರೆ ಮುಕ್ಕಾಲು ಪಾಲು ಮ್ಯಾಕ್ ಯಂತ್ರಗಳದ್ದು, ನಿಮಿಷಕ್ಕೆ ಲಿನಕ್ಸ್‌ನ ಹತ್ತರಷ್ಟು ದರ. ಮ್ಯಾಕ್ ಮತ್ತು ವಿಂಡೋಸ್ ಬಿಲ್ಡ್‌ಗಳನ್ನು ವಾರಕ್ಕೊಮ್ಮೆಗೆ ಇಳಿಸಿ, ಫ್ರೀಜ್ ಆದ ಮೇಲೆ ಮಾತ್ರ ದಿನವೂ ಓಡಿಸಿದೆವು. ತಿಂಗಳಿಗೆ ಐವತ್ತು ಚಿಲ್ಲರೆ ಡಾಲರ್‌ಗೆ ಒಂದು ಯಂತ್ರ ಬಾಡಿಗೆ ಹಿಡಿದು, ಒಮ್ಮೆ ಕಂಪೈಲ್ ಆದದ್ದನ್ನು ಉಳಿಸಿಟ್ಟು ಮತ್ತೆ ಬಳಸುವ ಸಿ-ಕ್ಯಾಶ್ ಹಾಕಿದೆವು. ಆ ಯಂತ್ರದ ಮೇಲೆ ಹೊರಗಿನವರ ಪುಲ್ ರಿಕ್ವೆಸ್ಟ್ (ಸೇರಿಸಿಕೊಳ್ಳಿ ಎಂದು ಕಳಿಸಿದ ಕೋಡ್) ಎಂದಿಗೂ ಓಡಿಸುವುದಿಲ್ಲ, ಮರ್ಜ್ ಆದ ಕೋಡ್ ಮಾತ್ರ. ಈಗ ಒಟ್ಟು ಖರ್ಚು ನೂರಮೂವತ್ತರ ಆಸುಪಾಸು. ಉಳಿದದ್ದರಲ್ಲಿ ಆ ತ್ರೈಮಾಸಿಕದ ರಿಲೀಸ್ ಹೊಣೆ ಹೊತ್ತವರಿಗೆ ಮುನ್ನೂರು ಡಾಲರ್ ಗೌರವಧನ. ಮೊತ್ತ ಸಣ್ಣದು, ಆದರೆ ಆ ಹೊಣೆಗೆ ಈಗ ಸಾಲು ನಿಲ್ಲುತ್ತಾರೆ.

ಬಗ್‌ಗೆ ಇಷ್ಟು ಎಂದು ಬಹುಮಾನ ಕಟ್ಟಿಯೂ ನೋಡಿದೆವು. ಒಂದೇ ಬಗ್‌ಗೆ ಮೂರು ಪ್ಯಾಚ್, ಮೂವರ ನಡುವೆ ಜಗಳ, ವಿಮರ್ಶಿಸುವವರಿಗೆ ಕಾಸೂ ಇಲ್ಲ, ನಿದ್ದೆಯೂ ಇಲ್ಲ. ನಿಲ್ಲಿಸಿದೆವು. ವಿಂಡೋಸ್ ಇನ್‌ಸ್ಟಾಲರ್ ನಮ್ಮದೇ ಎಂದು ಡಿಜಿಟಲ್ ಸಹಿ ಹಾಕುವುದು ಇನ್ನೊಂದು ತಲೆನೋವು. 2023ರ ಜೂನ್‌ನಿಂದ ಕೋಡ್ ಸೈನಿಂಗ್ ಕೀಲಿ ಹಾರ್ಡ್‌ವೇರ್‌ನಲ್ಲೇ ಇರಬೇಕು ಎಂದಾದ ಮೇಲೆ ನಮ್ಮ ಬಿಲ್ಡ್ ಸರ್ವರ್ ತಾನೇ ಸಹಿ ಹಾಕುತ್ತಿಲ್ಲ. ಇಡೀ ಸರಣಿಯಲ್ಲಿ ಮನುಷ್ಯನ ಕೈ ತಾಗುವುದು ಈಗ ಅಲ್ಲೊಂದೇ ಕಡೆ.

ಹಾಗಂತ ಉಳಿದಲ್ಲೆಲ್ಲ ಕೈ ತೆಗೆಸಿದ್ದು ಬರೀ ಅನುಕೂಲಕ್ಕಲ್ಲ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಕಂಪ್ರೆಶನ್ ಸಾಫ್ಟ್‌ವೇರ್‌ನಲ್ಲಿ ಅಡಗಿಸಿದ್ದ ಹಿಂಬಾಗಿಲು ಬಯಲಾದಾಗ, ಗಿಟ್ ರೆಪೊದಲ್ಲಿ ಇಲ್ಲದ ಎಂ4 ಫೈಲ್ (ಬಿಲ್ಡ್‌ಗೆ ಬಳಸುವ ಸ್ಕ್ರಿಪ್ಟ್) ರಿಲೀಸ್ ಟಾರ್‌ಬಾಲ್‌ನಲ್ಲಿ, ಅಂದರೆ ಹಂಚುವ ಕೋಡ್ ಗಂಟಿನಲ್ಲಿ, ಇತ್ತು ಎಂಬುದನ್ನು ಎಲ್ಲರೂ ನೋಡಿದ್ದೇವೆ. ಆ ವಾರವೇ ಗಿಟ್‌ನಲ್ಲಿ ಗುರುತು ಹಾಕಿದ ಆವೃತ್ತಿಯಿಂದ (ಟ್ಯಾಗ್) ನೇರ ತೆಗೆದ ಗಿಟ್ ಆರ್ಕೈವ್ ಬಿಟ್ಟು ಬೇರೆ ಟಾರ್‌ಬಾಲ್ ಇಲ್ಲ ಎಂದು ನಿರ್ಧರಿಸಿದೆವು. ಅದೇ ಹುಚ್ಚಿನಲ್ಲಿ ಬೈನರಿಗಳೂ (ಬಿಲ್ಡ್ ಆಗಿ ಬಂದ ಫೈಲ್‌ಗಳು) ಬೈಟ್‌ಗೆ ಬೈಟ್ ಒಂದೇ ಬರಬೇಕು ಎಂದು ಹಟ ಹಿಡಿದು ಎರಡು ಯಂತ್ರಗಳಲ್ಲಿ ಬಿಲ್ಡ್ ಮಾಡಿ ಹೋಲಿಸುತ್ತಿದ್ದೇನೆ. ಟೈಮ್‌ಸ್ಟ್ಯಾಂಪ್ ಕಟ್ಟಿಹಾಕಿದೆ, ಪಾತ್‌ಗಳನ್ನು ಒರೆಸಿದೆ. ಎರಡು ಪ್ಲಗಿನ್ ಇನ್ನೂ ಮಣಿದಿಲ್ಲ.

ಇನ್ನು ತ್ರೈಮಾಸಿಕ ವರದಿ. ಮೊದಮೊದಲು ಪ್ರತಿ ಮೇಂಟೇನರ್‌ಗೂ (ರೆಪೊ ನೋಡಿಕೊಳ್ಳುವವರಿಗೆ) ಬರೆದು ಕೊಡಿ ಎಂದು ಕೇಳುತ್ತಿದ್ದೆ. ಮೂರನೇ ಒಂದು ಭಾಗ ಬರುತ್ತಿತ್ತು, ಅದೂ "ಹಲವು ಸಣ್ಣ ದೋಷಗಳನ್ನು ಸರಿಪಡಿಸಲಾಗಿದೆ" ಎಂಬ ಒಂದು ಸಾಲು. ಈಗ ಪ್ರತಿ ಪುಲ್ ರಿಕ್ವೆಸ್ಟ್ ಜೊತೆ ಒಂದು ಸಣ್ಣ ಸುದ್ದಿ ಫೈಲ್ ಇರಲೇಬೇಕು, ಟೌನ್‌ಕ್ರೈಯರ್ ಎಂಬ ಟೂಲ್ ಅವನ್ನು ಜೋಡಿಸುತ್ತದೆ. ಮನುಷ್ಯರು ಬರೆಯುವುದು ಮೂರೇ ಸಾಲು: ಏನು ನಿಂತಿದೆ, ಯಾಕೆ ನಿಂತಿದೆ, ಎಂಥವರು ಬೇಕು. ಆ "ನಿಂತಿದೆ" ಸಾಲು ಓದಿ ಬಂದವರೇ ಇವತ್ತು ರಸ್ಟ್ ಬೈಂಡಿಂಗ್ ನೋಡಿಕೊಳ್ಳುತ್ತಿದ್ದಾರೆ. ಸಾಧನೆಯ ಪಟ್ಟಿ ಓದಿ ಯಾರೂ ಬಂದಿಲ್ಲ.

ಕಮಿಟ್ ಎಣಿಕೆ, ಸ್ಟಾರ್ ಎಣಿಕೆ ಎರಡನ್ನೂ ವರದಿಯಿಂದ ಕಿತ್ತು ಹಾಕಿದೆ. ಮೂರು ಅಂಕಿ ಮಾತ್ರ ಇಟ್ಟುಕೊಂಡಿದ್ದೇನೆ. ಹೊಸಬರ ಪ್ಯಾಚ್‌ಗೆ ಮೊದಲ ಉತ್ತರ ಸಿಗಲು ಮೊದಲು ಮೂರು ವಾರ ಹಿಡಿಯುತ್ತಿತ್ತು, ಈಗ ಮೂರು ದಿನ. ತೊಂಬತ್ತು ದಿನ ದಾಟಿದ ಪ್ಯಾಚ್‌ಗಳು ಇನ್ನೂರ ನಲವತ್ತರಷ್ಟಿದ್ದವು, ಈಗ ನಲವತ್ತರ ಒಳಗೆ. ಇನ್ನೊಂದು, ರಿಲೀಸ್ ಹಕ್ಕು ಒಬ್ಬರ ಕೈಯಲ್ಲೇ ಇರುವ ರೆಪೊಗಳು: ಒಂಬತ್ತಿದ್ದವು, ಎರಡು ಉಳಿದಿವೆ. ಹಳೆಯ ಪ್ಯಾಚ್‌ಗಳನ್ನು ಬಾಟ್ ಹಾಕಿ ಮುಚ್ಚಿಸಿದ್ದಲ್ಲ, ಪ್ರತಿಯೊಂದನ್ನೂ ಒಬ್ಬರು ಓದಿ ಉತ್ತರಿಸಿದ್ದು. ಒಂಬತ್ತನೇ ವಾರ ಮೇಂಟೇನರ್‌ಗಳನ್ನು ಆ ಕೆಲಸಕ್ಕೆ ಕೂರಿಸುವುದು ಹೇಗೆ ಎಂದು ಕೇಳುವವರು ಬಹಳ. ಅದನ್ನೂ ಇಲ್ಲಿ ಬರೆಯುವುದಿಲ್ಲ.

ಸದ್ಯ ಕೈಯಲ್ಲಿರುವ ಕಗ್ಗಂಟು ಒಂದು ಹಳೆಯ ಪ್ಲಗಿನ್. ಸತತ ಮೂರು ತ್ರೈಮಾಸಿಕ ಹಳೆಯ ಹ್ಯಾಶ್‌ನಲ್ಲೇ ಬಂದಿದೆ, ನಾಲ್ಕನೆಯದಕ್ಕೂ ಹಾಗೇ ಆದರೆ ಮ್ಯಾನಿಫೆಸ್ಟ್‌ನಿಂದ ತೆಗೆದು ಆರ್ಕೈವ್‌ಗೆ ಹಾಕುತ್ತೇವೆ. ಫ್ರೀಜ್‌ಗೆ ಇನ್ನೂ ಐದು ವಾರ ಇದೆ, ವರದಿಯ "ಎಂಥವರು ಬೇಕು" ಸಾಲಿನಲ್ಲಿ ಈ ಸಲ ಮೊದಲ ಹೆಸರು ಅದರದೇ.