ನಾಯಿ ಜೊತೆ ಬಾಡಿಗೆ ಮನೆ: ಸಹಿ ಹಾಕೋ ಮೊದಲು

ಎಮೋಷನಲ್ ಸಪೋರ್ಟ್ ನಾಯಿಗಳಿಗೆ (ಮನಸ್ಸಿಗೆ ಆಸರೆಯಾಗಲಿ ಅಂತ ಸಾಕುವ ನಾಯಿಗಳಿಗೆ) ಬಾಡಿಗೆ ಮನೆಯಲ್ಲಿ ಜಾಗ ಕೊಡಬೇಕು ಅನ್ನುವ ಅಮೆರಿಕದ ನಿಯಮ ಓದಿ ಬೆಂಗಳೂರಲ್ಲೂ ಹಾಗೇ ಅಂದುಕೊಳ್ಳಬೇಡಿ. ನಮ್ಮಲ್ಲಿ ಅಂಥ ಕಾನೂನಿಲ್ಲ. ಆನ್‌ಲೈನ್‌ನಲ್ಲಿ ದುಡ್ಡು ಕೊಟ್ಟು ನಿಮ್ಮದು ಅಂಥ ನಾಯಿ ಅಂತ ಸರ್ಟಿಫಿಕೇಟ್ ಮಾಡಿಸಿದರೆ ದುಡ್ಡು ಸುಮ್ನೆ ದಂಡ.

ಆದರೆ ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನವರು ನಾಯಿ ಸಾಕಬಾರದು ಅಂದರೆ ಹೆದರಬೇಡಿ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಕೊಟ್ಟ ಮಾರ್ಗಸೂಚಿ ಪ್ರಕಾರ, ಎಲ್ಲರೂ ಸೇರಿ ವೋಟು ಹಾಕಿದರೂ ಅವರು ಸಾಕುಪ್ರಾಣಿಯನ್ನು ನಿಷೇಧಿಸುವ ಹಾಗಿಲ್ಲ, ಲಿಫ್ಟ್ ಬಳಸಬೇಡಿ ಅನ್ನುವ ಹಾಗೂ ಇಲ್ಲ. ಪ್ರಿಂಟ್ ತೆಗೆದು ಕೈಯಲ್ಲಿಟ್ಟುಕೊಳ್ಳಿ.

ಮನೆ ಓನರ್ ವಿಷಯವೇ ಬೇರೆ. ಅವರು ಬೇಡ ಅಂದರೆ ಬೇರೆ ಮನೆ ನೋಡಬೇಕಾಗುತ್ತೆ. ಹಾಗಂತ ನಾಯಿಯನ್ನು ಮುಚ್ಚಿಟ್ಟು ಬರಬೇಡಿ, ಆಮೇಲೆ ಖಾಲಿ ಮಾಡಿ ಅಂದಾಗ ಒದ್ದಾಡುವುದು ಆ ಮೂಕಪ್ರಾಣಿಯೂ ಅಲ್ವಾ? ನಾನು ಜಯನಗರದಲ್ಲಿ ಮನೆ ನೋಡುವಾಗ ನಮ್ಮ ನಾಯಿ ಚಿನ್ನುವನ್ನೂ ಕರೆದುಕೊಂಡು ಹೋಗಿದ್ದೆ. ಮೊದಲು ಮುಖ ಗಂಟಿಕ್ಕಿದ ಓನರ್ ಆಂಟಿ, ಅವಳು ಹೊಸಿಲ ಹೊರಗೇ ಸುಮ್ಮನೆ ಕೂತಿದ್ದು ನೋಡಿ, "ಕಚ್ಚಲ್ವಾ?" ಅಂತ ಕೇಳಿದರು. ರೇಬಿಸ್ ಲಸಿಕೆ ಕಾರ್ಡ್ ತೋರಿಸಿದೆ. ಮಾತು ಅಲ್ಲಿಂದ ಸಲೀಸಾಯಿತು.

ಒಪ್ಪಿದರೆ ಬಾಯಿಮಾತಿಗೆ ಬಿಡಬೇಡಿ. ಹನ್ನೊಂದು ತಿಂಗಳ ಅಗ್ರಿಮೆಂಟ್‌ನಲ್ಲಿ "ಒಂದು ಸಾಕುನಾಯಿ ಇರುತ್ತದೆ" ಅಂತ ಬರೆಸಿ. ನಾಯಿಯಿಂದ ಹಾಳಾದದ್ದಕ್ಕೆ ಅಡ್ವಾನ್ಸ್‌ನಲ್ಲಿ ಎಷ್ಟು ಹಿಡಿಯುತ್ತಾರೆ ಅನ್ನುವುದೂ ಅದರಲ್ಲೇ ಇರಲಿ. ಮನೆಗೆ ಬಂದ ದಿನವೇ ಬಾಗಿಲು, ಗೋಡೆ, ನೆಲದ ಫೋಟೋ ತೆಗೆದು ಓನರ್‌ಗೆ ವಾಟ್ಸಾಪ್ ಮಾಡಿ.