ಶುಗರ್ ಇರುವ ಅಪ್ಪ, ತಾತನ ಪಾದವನ್ನು ನೀವೇ ನೋಡಿ

ಮನೆಯಲ್ಲಿ ಬಹಳ ವರ್ಷದಿಂದ ಶುಗರ್ ಇರುವ ಹಿರಿಯರಿದ್ದರೆ, "ನನಗೆ ಕಾಲುನೋವೇ ಇಲ್ಲ" ಅಂದರೂ ನಿಶ್ಚಿಂತರಾಗಬೇಡಿ. ನರಗಳು ಸೋತಾಗ ಮುಳ್ಳು ಚುಚ್ಚಿದ್ದೂ, ಚಪ್ಪಲಿ ಕಚ್ಚಿದ್ದೂ ಗೊತ್ತಾಗುವುದಿಲ್ಲ.

ಪಾದದ ಹುಣ್ಣು ಗಂಡಸರಲ್ಲೇ ಹೆಚ್ಚು. ಬೀಡಿ, ಸಿಗರೇಟು ಸೇದುವವರಿಗೆ ಕಾಲಿನ ರಕ್ತನಾಳ ಕಿರಿದಾಗಿ ಗಾಯ ಬೇಗ ಮಾಯುವುದಿಲ್ಲ. ಹಿಂದೆ ಹುಣ್ಣಾಗಿದ್ದವರು, ಬೆರಳು ತೆಗೆಸಿಕೊಂಡವರು, ಕಿಡ್ನಿ ತೊಂದರೆ ಇರುವವರು ಇನ್ನೂ ಹುಷಾರಾಗಿರಬೇಕು. ಕಣ್ಣು ಮಂಜಾದವರಿಗೆ, ಬಗ್ಗಲಾಗದವರಿಗೆ ತಮ್ಮ ಅಂಗಾಲೇ ಕಾಣದು. ಅದಕ್ಕೇ ಹೇಳುತ್ತಿರುವುದು, ದಿನಾ ರಾತ್ರಿ ಮಲಗುವ ಮುಂಚೆ ಮನೆಯವರೇ ಟಾರ್ಚ್ ಹಿಡಿದು ಬೆರಳಸಂದಿ, ಅಂಗಾಲು, ಹಿಮ್ಮಡಿ ನೋಡಿ.

ಬರಿಗಾಲು ಬೇಡ, ಮನೆಯೊಳಗೂ ಬೇಡ. ದೇವಸ್ಥಾನಕ್ಕೆ ಕಲ್ಲು ಕಾಯುವ ಮುಂಚೆ, ಬೆಳಿಗ್ಗೆಯೇ ಹೋಗಿಬರಲಿ. ಸ್ನಾನದ ನೀರಿನ ಬಿಸಿ ಕಾಲಿಟ್ಟು ನೋಡಬಾರದು. ಆಣಿಯನ್ನು ಬ್ಲೇಡಿನಿಂದ ಕೆತ್ತುವುದು, ಅಂಗಡಿಯ ಆಣಿಪಟ್ಟಿ ಅಂಟಿಸುವುದು ದಯವಿಟ್ಟು ಬೇಡ. ಒಡೆದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಸರಿ, ಬೆರಳಸಂದಿಗೆ ಮಾತ್ರ ಹಚ್ಚಬೇಡಿ.

ವರ್ಷಕ್ಕೊಮ್ಮೆಯಾದರೂ ಡಾಕ್ಟರ ಬಳಿ 10 ಗ್ರಾಂ ಮೊನೊಫಿಲಮೆಂಟ್ ಪರೀಕ್ಷೆ ಮಾಡಿಸಿ. ನೈಲಾನ್ ಎಳೆಯಿಂದ ಪಾದ ಮುಟ್ಟಿ ಸ್ಪರ್ಶ ಇದೆಯೇ ಎಂದು ನೋಡುತ್ತಾರೆ, ಅಷ್ಟೇ. ಪಾದ ಕೆಂಪಾಗಿ ಊದಿ ಬಿಸಿಯಾದರೆ, ಕೀವು ಬಂದರೆ, ಬೆರಳು ಕಪ್ಪಾದರೆ ಮಾತ್ರ ನಾಳೆಗೆ ಮುಂದೂಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.