ಇಳಿಜಾರು ಸ್ಲ್ಯಾಬಿನ ಮಾಡೆಲ್: ಕೆಂಪುಕಲ್ಲಿನ ಗೋಡೆಗೆ ಪಿನ್ ಸಪೋರ್ಟ್ ಕೊಡಬೇಡಿ

ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆ ಕೆಂಪುಕಲ್ಲಿನ ಗೋಡೆ ಕಟ್ಟಿ, ಅದರ ಮೇಲೆ ಇಳಿಜಾರು ಕಾಂಕ್ರೀಟ್ ಸ್ಲ್ಯಾಬ್ ಹಾಕಿ ಹಂಚು ಕೂರಿಸುವ ಮನೆಗಳು ಬಹಳ. ಈ ಮಾಡನ್ನು, ಅಂದರೆ ಛಾವಣಿಯನ್ನು, ಸ್ಟಾಡ್ ಪ್ರೋ ಎಂಬ ಕಟ್ಟಡ ಲೆಕ್ಕದ ಸಾಫ್ಟ್‌ವೇರಿನಲ್ಲಿ ಪ್ಲೇಟ್ ಎಲಿಮೆಂಟುಗಳಿಂದ (ಸ್ಲ್ಯಾಬಿನ ಸಣ್ಣ ತುಂಡುಗಳಿಂದ) ಮಾಡೆಲ್ ಮಾಡುವಾಗ ನಾನು ಮೊದಲು ನಿರ್ಧರಿಸುವುದು ಸೂರಿನ ಸಪೋರ್ಟನ್ನು, ಅಂದರೆ ಸ್ಲ್ಯಾಬ್ ಗೋಡೆಯ ಮೇಲೆ ಕೂರುವ ಅಂಚಿನ ಆಧಾರವನ್ನು. ಅಲ್ಲಿ ತಪ್ಪಿದರೆ ಮೆಶ್ (ಆ ತುಂಡುಗಳ ಜಾಲ) ಎಷ್ಟು ಸಣ್ಣದಾಗಿದ್ದರೂ ಪ್ರಯೋಜನವಿಲ್ಲ.

ಒಂದು ಲೆಕ್ಕ ಹಿಡಿಯೋಣ. ಗೋಡೆಯಿಂದ ಗೋಡೆಗೆ 6 ಮೀಟರ್, ಇಳಿಜಾರು 25 ಡಿಗ್ರಿ, ನೆತ್ತಿ ನಡುವೆ, ಸೂರಿನಿಂದ ನೆತ್ತಿಗೆ 1.4 ಮೀಟರ್ ಎತ್ತರ. ಸ್ಲ್ಯಾಬ್ 120 ಮಿ.ಮೀ., ಕಾಂಕ್ರೀಟಿನ ದರ್ಜೆ ಎಂ25, ಕಂಬಿಯದು ಎಫ್‌ಇ500. ಸ್ಲ್ಯಾಬಿನ ತೂಕ ಚದರ ಮೀಟರಿಗೆ 3 ಕಿಲೋನ್ಯೂಟನ್, ಹಂಚು ಮತ್ತು ಗಾರೆಗೆ 1. ಇವು ಇಳಿಜಾರಿನ ಮೇಲಿನ ತೂಕ; ನೆಲದ ಅಳತೆಗೆ ತರಲು ಕಾಸ್ 25, ಅಂದರೆ 0.906ರಿಂದ ಭಾಗಿಸಬೇಕು: 4.41. ಲೈವ್ ಲೋಡ್ (ಮಾಡಿನ ಮೇಲೆ ಹತ್ತುವ ಜನ, ಸಾಮಾನಿನ ಭಾರ) 0.45 ಸೇರಿಸಿದರೆ 4.86. ಲೈವ್ ಲೋಡ್ ಮೊದಲೇ ನೆಲದ ಅಳತೆಯದು, ಆದ್ದರಿಂದ ಪ್ಲೇಟಿಗೆ ಕೊಡುವಾಗ ಅದನ್ನು 0.906ರಿಂದ ಗುಣಿಸಿ, ಗ್ಲೋಬಲ್ ವೈ (ನೇರ ಮೇಲೆ-ಕೆಳಗಿನ) ದಿಕ್ಕಿನಲ್ಲೇ ಕೊಡುತ್ತೇನೆ. ಪ್ಲೇಟಿನದೇ ಅಕ್ಷವಾದ ಲೋಕಲ್ ಜೆಡ್ ಆರಿಸಿದರೆ ಭಾರ ಸ್ಲ್ಯಾಬಿಗೆ ಲಂಬವಾಗಿ ಬಿದ್ದು ಗಾಳಿಯ ಒತ್ತಡದಂತೆ ವರ್ತಿಸುತ್ತದೆ.

ಈಗ ಸೂರಿನ ನೋಡ್‌ಗಳಿಗೆಲ್ಲ (ಪ್ಲೇಟುಗಳು ಸೇರುವ ಬಿಂದುಗಳಿಗೆ) ಪಿನ್ ಸಪೋರ್ಟ್, ಅಂದರೆ ತಿರುಗಲು ಬಿಟ್ಟು ಯಾವ ದಿಕ್ಕಿಗೂ ಸರಿಯಲು ಬಿಡದ ಆಧಾರ, ಕೊಟ್ಟು ನೋಡಿ. ಮಾಡಿನ ಮಧ್ಯದ ಒಂದು ಮೀಟರ್ ಪಟ್ಟಿಯಲ್ಲಿ ನೆತ್ತಿಯ ಮೊಮೆಂಟ್ (ಬಾಗಿಸುವ ಪರಿಣಾಮ) ಸುಮಾರು 5.5 ಕಿಲೋನ್ಯೂಟನ್-ಮೀಟರ್ ಬರುತ್ತದೆ, ಅದೂ ಮೇಲ್ಮೈ ಎಳೆತದ ದಿಕ್ಕಿನಲ್ಲಿ. ಡಿಸೈನ್ ಬಹಳ ಸುಲಭವೆನಿಸುತ್ತದೆ. ಆದರೆ ರಿಯಾಕ್ಷನ್ (ಆಧಾರದ ಪ್ರತಿಬಲ) ಪಟ್ಟಿಯ ಎಫ್‌ಎಕ್ಸ್, ಅಂದರೆ ಅಡ್ಡ ಬಲದ, ಕಾಲಮ್ಮಿನಲ್ಲಿ ಮೀಟರಿಗೆ 19.5 ಕಿಲೋನ್ಯೂಟನ್, ಹೆಚ್ಚುಕಡಿಮೆ 2 ಟನ್, ಹೊರಗೆ ತಳ್ಳುತ್ತಿರುತ್ತದೆ. 3 ಮೀಟರ್ ಎತ್ತರದ ಗೋಡೆಯ ಬುಡದಲ್ಲಿ ಅದು ಸುಮಾರು 58.5 ಕಿಲೋನ್ಯೂಟನ್-ಮೀಟರ್. 230 ಮಿ.ಮೀ. ಗೋಡೆಯ ಬುಡಕ್ಕೆ ಇಳಿಯುವ ಭಾರ ಸುಮಾರು 30 ಕಿಲೋನ್ಯೂಟನ್. ಅದು ಮಗುಚದಂತೆ ಹಿಡಿಯಬಲ್ಲದ್ದು 3.5 ಕಿಲೋನ್ಯೂಟನ್-ಮೀಟರ್ ಮಾತ್ರ. ಕೆಂಪುಕಲ್ಲಿನ ಗೋಡೆ ಭಾರ ಹೊರುತ್ತದೆ, ತಳ್ಳು ತಡೆಯುವುದಿಲ್ಲ.

ತಳ್ಳುವುದನ್ನು ಯಾರೂ ತಡೆಯದಿದ್ದರೆ ಅದೇ ನೆತ್ತಿಯಲ್ಲಿ ಮೊಮೆಂಟ್ 21.9, ಎಳೆತ ಕೆಳಮೈಯಲ್ಲಿ. ಚಿಹ್ನೆಯೇ ಬದಲಾಗುತ್ತದೆ! ಸುರಕ್ಷತೆಗಾಗಿ 1.5ರಿಂದ ಗುಣಿಸಿದರೆ 32.8. 30 ಮಿ.ಮೀ. ಕವರ್ (ಕಂಬಿ ಮುಚ್ಚುವ ಕಾಂಕ್ರೀಟ್) ಮತ್ತು ಕಂಬಿಯ ಅರ್ಧ ದಪ್ಪ ಬಿಟ್ಟು 85 ಮಿ.ಮೀ. ಆಳ ಉಳಿಯುವ ಸ್ಲ್ಯಾಬಿನ ಮಿತಿ 24. ಪಿನ್ ಮಾಡೆಲ್ ನಂಬಿ ನೆತ್ತಿಯಲ್ಲಿ ಕಂಬಿಯನ್ನು ಮೇಲೆ ಮಾತ್ರ ಕೊಟ್ಟರೆ ಏನಾಗಬಹುದೆಂದು ಬಿಡಿಸಿ ಹೇಳಬೇಕಿಲ್ಲ. ಸೂರಿನ ಕೆಳಗೆ ಗೋಡೆಯಲ್ಲಿ ಅಡ್ಡ ಬಿರುಕು, ನೆತ್ತಿಯ ಕೆಳಗೆ ಉದ್ದುದ್ದ ಬಿರುಕು, ಅಲ್ಲಿಂದ ಮಳೆನೀರು.

ಆದ್ದರಿಂದ ಸೂರಿನ ಸಪೋರ್ಟಿನಲ್ಲಿ ಎಫ್‌ಎಕ್ಸ್, ಎಫ್‌ಜೆಡ್ (ಮಾಡಿನ ಉದ್ದದ ದಿಕ್ಕಿನ ಬಲ) ಮತ್ತು ಮೂರೂ ಮೊಮೆಂಟುಗಳನ್ನು ಬಿಡುಗಡೆ ಮಾಡಿ, ಮೇಲ್ಮುಖ ಆಧಾರ ಮಾತ್ರ ಉಳಿಸುತ್ತೇನೆ. ಹಾಗೇ ಓಡಿಸಿದರೆ ಇಡೀ ಮಾಡು ಜಾರಬಹುದಾದ್ದರಿಂದ ಸಾಫ್ಟ್‌ವೇರ್ ತಾನೇ 'ವೀಕ್ ಸ್ಪ್ರಿಂಗ್' (ದುರ್ಬಲ ಕಾಲ್ಪನಿಕ ಆಧಾರ) ಸೇರಿಸಿದ ಎಚ್ಚರಿಕೆ ಬರುತ್ತದೆ. ಇದನ್ನು ಓದದೆ ಮುಂದೆ ಹೋಗಬಾರದು. ನೆತ್ತಿಯ ಎರಡೂ ತುದಿಯ ನೋಡ್‌ಗಳನ್ನು ಎಕ್ಸ್ ದಿಕ್ಕಿನಲ್ಲಿ, ಒಂದು ತುದಿಯನ್ನು ಜೆಡ್ ದಿಕ್ಕಿನಲ್ಲಿ ಹಿಡಿದರೆ ಸಾಕು. ನೆತ್ತಿ ಸಮಮಿತಿಯ ರೇಖೆಯಾದ್ದರಿಂದ ಸೂರು ಅಗಲವಾಗುವುದಕ್ಕೆ ಇದು ಅಡ್ಡ ಬರುವುದಿಲ್ಲ.

ಮಾಡಿನ ಎರಡು ತುದಿಯ ತ್ರಿಕೋನ ಗೋಡೆಗಳು ಹತ್ತಿರವಿದ್ದರೆ ಎರಡು ಇಳಿಜಾರುಗಳೂ ಆಳವಾದ ತೊಲೆಗಳಂತೆ ಉದ್ದಕ್ಕೆ ಕೆಲಸ ಮಾಡಿ ನೆತ್ತಿಯ ಮೊಮೆಂಟನ್ನು ತಗ್ಗಿಸುತ್ತವೆ. ಕೈಲೆಕ್ಕದ ಪಟ್ಟಿಯಲ್ಲಿ ಇದು ಕಾಣುವುದಿಲ್ಲ, ಪ್ಲೇಟ್ ಮಾಡೆಲಿನಲ್ಲಿ ಕಾಣುತ್ತದೆ. ಸಾಫ್ಟ್‌ವೇರಿನ ನಿಜವಾದ ಲಾಭ ಇಲ್ಲಿದೆ. ಆದರೆ ಆಗ ಸೂರಿನ ಉದ್ದಕ್ಕೂ ಎಳೆತ ಬರುತ್ತದೆ, ಆ ಕಂಬಿ ಸೂರಿನ ಬೀಮಿನಲ್ಲಿ ಇರಲೇಬೇಕು.

ಉದ್ದದ ಮಾಡಿಗೆ ಎರಡು ಸೂರುಗಳನ್ನು ಅಡ್ಡಲಾಗಿ ಎಳೆದು ಹಿಡಿಯುವ ಟೈ ಬೀಮ್ ಬೇಕು. 3 ಮೀಟರಿಗೊಂದರಂತೆ ಹಾಕಿದರೆ ಒಂದಕ್ಕೆ ಗರಿಷ್ಠ ಎಳೆತ 58.6 ಕಿಲೋನ್ಯೂಟನ್. ಬಲಕ್ಕೆ 12 ಮಿ.ಮೀ.ನ ಎರಡು ಕಂಬಿ ಸಾಕಾದರೂ ನಾಲ್ಕು ಹಾಕುತ್ತೇನೆ. ಕಂಬಿ ಕಡಿಮೆ ಹಿಗ್ಗಬೇಕು. ಮಾಡೆಲಿನಲ್ಲಿ ಟೈಗೆ ಕಾಂಕ್ರೀಟಿನ ಪೂರ್ತಿ ಅಡ್ಡಕೊಯ್ತ ಕೊಡಬೇಡಿ. ಎಳೆತದಲ್ಲಿ ಕಾಂಕ್ರೀಟ್ ಬಿರಿಯುತ್ತದೆ, ಕೊನೆಗೆ ಉಳಿಯುವುದು ಕಂಬಿಯ 452 ಚದರ ಮಿ.ಮೀ. ಮಾತ್ರ. ಅಷ್ಟನ್ನೇ ಕೊಟ್ಟರೆ ತಳ್ಳು ಮೀಟರಿಗೆ 17ರ ಆಸುಪಾಸಿಗೆ ಇಳಿದು ನೆತ್ತಿಯ ಮೊಮೆಂಟ್ ಸೊನ್ನೆಯ ಹತ್ತಿರ ಬರುತ್ತದೆ. ಟೈ ಇನ್ನೊಂದಿಷ್ಟು ಸಡಿಲಾದರೆ ಚಿಹ್ನೆ ಮಗುಚುತ್ತದೆ. ಅದಕ್ಕೇ ನೆತ್ತಿಯಲ್ಲಿ ಎರಡೂ ಮೈಗೆ ಕಂಬಿ. ಟೈಗಳ ನಡುವೆ ಸೂರಿನ ಬೀಮ್ ಹೊರಕ್ಕೆ ಬಾಗುವುದರಿಂದ ಅದರ ಪಕ್ಕದ ಮೈಗಳಿಗೂ ಕಂಬಿ ಬೇಕು.

ಮೆಶ್ 300 ಮಿ.ಮೀ. ಚೌಕದಿಂದ ಶುರುಮಾಡಿ 150ಕ್ಕೆ ಇಳಿಸುತ್ತೇನೆ, ಮೊಮೆಂಟ್ ಶೇ. 5ಕ್ಕಿಂತ ಕಡಿಮೆ ಬದಲಾದರೆ ಸಾಕು. ನಂತರ ಮೇಲ್ಮುಖ ರಿಯಾಕ್ಷನ್ನುಗಳ ಮೊತ್ತ: 9 ಮೀಟರ್ ಉದ್ದದ ಮಾಡಿಗೆ 4.86 × 6 × 9, ಅಂದರೆ 262 ಕಿಲೋನ್ಯೂಟನ್. ತುಂಬಾ ಹೆಚ್ಚು ಬಂದರೆ ಒಂದೇ ಜಾಗದಲ್ಲಿ ಎರಡು ಪ್ಲೇಟ್ ಕೂತಿರಬಹುದು. ಎರಡು ಇಳಿಜಾರುಗಳ ಲೋಕಲ್ ಅಕ್ಷಗಳನ್ನೂ ನೋಡಬೇಕು. ಒಂದು ಕಡೆ ತಲೆಕೆಳಗಾಗಿದ್ದರೆ ಮೇಲಿನ ಕಂಬಿ ಕೆಳಗೆ ಹೋಗುತ್ತದೆ. ಮೂಲೆಗಳಲ್ಲಿ ತಿರುಚು ಮೊಮೆಂಟಿನ ಬೆಲೆಯನ್ನು ಎರಡೂ ದಿಕ್ಕಿನ ಮೊಮೆಂಟಿಗೆ ಸೇರಿಸಿಯೇ ಕಂಬಿ ಲೆಕ್ಕ.

ಸೈಟಿನಲ್ಲಿ ಒಂದನ್ನು ಕಣ್ಣಾರೆ ನೋಡಬೇಕು: ಟೈಯ ಕಂಬಿಗಳು ಎಷ್ಟೋ ಸಲ ಸೂರಿನ ಬೀಮಿನ ಒಳಮೈಯಲ್ಲೇ ನಿಂತುಬಿಟ್ಟಿರುತ್ತವೆ. ಅವು ಹೊರಮೈವರೆಗೆ ಹೋಗಿ, ಬಾಗಿ, ಒಟ್ಟು 600 ಮಿ.ಮೀ. ಹಿಡಿತ ಪಡೆಯಬೇಕು. ಸೆಂಟ್ರಿಂಗನ್ನು ಟೈ ಗಟ್ಟಿಯಾಗುವ ಮೊದಲು ಬಿಚ್ಚಬಾರದು.